ಹಡಪಸರದ ಕಾಲುವೆಯಿಂದ ಬೊಂಬಾಯಿಯ ಕಡಲಿಗೆ

ಈ ಸಲ ಹಾಯಿದೋಣಿಯ ಮಾತು. ಹಡಪಸರದಲ್ಲಿ ಕೂತು ಕಡಲಿನ ಕಥೆಯೇ ಎಂದು ನಗಬೇಡಿ. ಇಲ್ಲಿಂದ ಮುಂಬಯಿಯ ಸಮುದ್ರ ನೂರೈವತ್ತು ಕಿಲೋಮೀಟರಿಗೂ ದೂರ, ನಡುವೆ ಘಟ್ಟ ಬೇರೆ. ನಮ್ಮೂರಿನ ಹೆಸರಿನಲ್ಲೂ ಹಡಗಿಲ್ಲ. ಕನ್ನಡ ಕಿವಿಗೆ ಅಲ್ಲಿ ಕೇಳಿಸುವುದು ‘ಹಡಪ’, ಅಂದರೆ ಎಲೆ ಅಡಿಕೆಯ ಚೀಲ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣ ನಿಮಗೆ ನೆನಪಾದರೆ ನನಗೂ ಹಾಗೆಯೇ ಆಗಿತ್ತು ಎನ್ನುತ್ತೇನೆ. ಹೆಸರಿನ ಮೂಲ ಬೇರೆಯೇ ಇದ್ದೀತು, ಅದನ್ನು ಪಂಡಿತರಿಗೆ ಬಿಡೋಣ.

ಆದರೂ ಈ ಕಥೆಯನ್ನು ಹಡಪಸರದಿಂದಲೇ ಶುರುಮಾಡಲು ಕಾರಣವಿದೆ. ನಮ್ಮ ಬಡಾವಣೆಗಳ ಪಕ್ಕದಲ್ಲಿ ಹರಿದು ಲೋಣಿ, ದೌಂಡ, ಇಂದಾಪುರದ ಕಬ್ಬಿನ ಗದ್ದೆಗಳತ್ತ ಹೋಗುವ ಕಾಲುವೆಯನ್ನು ದಿನವೂ ದಾಟುತ್ತೀರಲ್ಲ? ಅದು ಮುಠಾ ಬಲದಂಡೆ ಕಾಲುವೆ. ಅದರ ನೀರು ಬರುವುದು ಪುಣೆಯ ಆಚೆ ತುದಿಯ ಖಡಕವಾಸಲಾದಿಂದ. 1870ರ ದಶಕದಲ್ಲಿ ಬ್ರಿಟಿಷರು ಕಟ್ಟಿಸಿದ ಆ ಜಲಾಶಯಕ್ಕೆ ಅವರಿಟ್ಟ ಹೆಸರು ಲೇಕ್ ಫೈಫ್. ಅಲ್ಲಿ ನಮ್ಮವರೊಬ್ಬರ ಕೈಗುರುತು ಇದೆ. ಪುಣೆಯ ಸೈನ್ಸ್ ಕಾಲೇಜಿನಲ್ಲಿ ಓದಿ 1883ರಲ್ಲಿ ಇಂಜಿನಿಯರಿಂಗ್ ಪಾಸಾಗಿ ಬೊಂಬಾಯಿ ಪ್ರಾಂತ್ಯದ ಕೆಲಸಕ್ಕೆ ಸೇರಿದ ಎಂ. ವಿಶ್ವೇಶ್ವರಯ್ಯನವರದು. ಮಳೆಗಾಲದಲ್ಲಿ ಕಟ್ಟೆ ತುಂಬಿ ಹರಿದು ಹೋಗುವ ನೀರನ್ನು ಹಿಡಿದಿಡಲು ಅವರು ತಾವಾಗಿಯೇ ಏರಿಳಿಯುವ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವು ಮೊದಲು ಕೂತದ್ದು ಖಡಕವಾಸಲಾದಲ್ಲಿ. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟ ಸುಮಾರು 8 ಅಡಿ ಮೇಲೇರಿತು. ಇದೇ ಬಗೆಯ ಬಾಗಿಲುಗಳು ಮುಂದೆ ನಮ್ಮ ಕನ್ನಂಬಾಡಿ ಕಟ್ಟೆಗೂ ಬಂದವು.

1961ರ ಜುಲೈ 12ರಂದು ಮೇಲಿನ ಪಾನಶೇತ ಅಣೆಕಟ್ಟು ಒಡೆದು, ಆ ರಭಸಕ್ಕೆ ಖಡಕವಾಸಲಾದ ಕಟ್ಟೆಯೂ ಒಡೆದು ಪುಣೆ ಮುಳುಗಿದ್ದನ್ನು ಹಳೆಯ ಪುಣೇಕರರು ಇನ್ನೂ ಹೇಳುತ್ತಾರೆ. ಕಟ್ಟೆಯನ್ನು ದುರಸ್ತಿ ಮಾಡಿದರು, ಕೆರೆ ಮತ್ತೆ ತುಂಬಿತು. ಆ ಕೆರೆಯ ದಂಡೆಯ ಮೇಲೆ 1955ರಿಂದ ಇದೆ ನಮ್ಮ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎಲ್ಲರ ಬಾಯಲ್ಲಿ ಎನ್‌ಡಿಎ. ಅದರ ಒಂದು ಮೂಲೆಯ ನೀರಿಗೆ ಪೀಕಾಕ್ ಬೇ ಎಂದು ಹೆಸರು. ಹದಿನೇಳು ಹದಿನೆಂಟರ ಹುಡುಗರು ಹಾಯಿ ಕಟ್ಟಲು, ಚುಕ್ಕಾಣಿ ಹಿಡಿಯಲು, ದೋಣಿ ಮಗುಚಿದರೆ ಮತ್ತೆ ನೆಟ್ಟಗೆ ಮಾಡಲು ಕಲಿಯುವುದು ಅಲ್ಲಿ. ಹೊಲಕ್ಕೆ ಹರಿಯುವ ನೀರಿನಲ್ಲೇ ಕಡಲಿನ ಪಾಠ!

ನಾನು ಹೇಳಹೊರಟದ್ದು ಈ ವಿಚಿತ್ರವನ್ನೇ. ನಮ್ಮ ದೇಶದ ಕರಾವಳಿ 7,500 ಕಿಲೋಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ದೇಶ ದೇಶಗಳು ಪೈಪೋಟಿ ನಡೆಸುವ ಹಾಯಿದೋಣಿ ರೇಸಿಗೆ ನಮ್ಮಿಂದ ಹೋದವರಲ್ಲಿ ಬಹಳಷ್ಟು ಮಂದಿ ತಯಾರಾದದ್ದು ಕೆರೆಗಳಲ್ಲಿ, ಸೈನ್ಯ ಮತ್ತು ನೌಕಾಪಡೆಯ ಶಿಬಿರಗಳಲ್ಲಿ, ಒಂದೆರಡು ಹಳೆಯ ಕ್ಲಬ್ಬುಗಳಲ್ಲಿ. ಕಡಲಲ್ಲೇ ಹುಟ್ಟಿ ಬೆಳೆದವರು ಆ ಸಾಲಿನಲ್ಲಿ ತೀರ ಕಡಿಮೆ. ಯಾಕೆ ಹೀಗಾಯಿತು?

ಮೊದಲು ಆಟ ಏನೆಂದು ತಿಳಿದುಕೊಳ್ಳೋಣ. ಓಟದಲ್ಲಿ ನೂರು ಮೀಟರ್, ನಾನೂರು ಮೀಟರ್ ಇರುವಂತೆ ಇಲ್ಲಿ ದೋಣಿಯ ‘ಕ್ಲಾಸ್’ಗಳು ಇರುತ್ತವೆ. ಒಂದು ಕ್ಲಾಸ್ ಎಂದರೆ ಒಂದೇ ಅಳತೆಯ, ಒಂದೇ ನಮೂನೆಯ ದೋಣಿಗಳು. ಎಂಟರ್‌ಪ್ರೈಸ್ ಎಂಬುದು 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಇಬ್ಬರ ದೋಣಿ, ಸುಮಾರು ನಾಲ್ಕು ಮೀಟರ್ ಉದ್ದ, ಅದರ ಹಾಯಿ ನೀಲಿ. ಫೈರ್‌ಬಾಲ್ 1962ರಲ್ಲಿ ಪೀಟರ್ ಮಿಲ್ನ್ ಮಾಡಿದ್ದು. ಇನ್ನಷ್ಟು ಉದ್ದ, ಚಪ್ಪಟೆ ಮೂತಿ, ಬಲು ಚುರುಕು. ಅದರಲ್ಲಿ ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಕೂವೆಮರದಿಂದ ಇಳಿಬಿದ್ದ ತಂತಿಗೆ ಸೊಂಟ ಕಟ್ಟಿಕೊಂಡು ದೋಣಿಯ ಅಂಚಿನ ಮೇಲೆ ಕಾಲೂರಿ ಹೊರಗೆ ಮಲಗಿದಂತೆ ನಿಲ್ಲಬೇಕು. ಗಾಳಿ ದೋಣಿಯನ್ನು ಒಂದು ಕಡೆಗೆ ಕೆಡವಲು ನೋಡಿದರೆ ಈ ಮನುಷ್ಯನ ಭಾರವೇ ಅದನ್ನು ಸರಿದೂಗಿಸುವ ತಕ್ಕಡಿಬಟ್ಟು. ಹೀಗೆ ಬೇರೆ ಬೇರೆ ಕ್ಲಾಸುಗಳಲ್ಲಿ ಹಲವು ದೇಶಗಳು ಒಟ್ಟಿಗೆ ಪೈಪೋಟಿಗಿಳಿದರೆ ಅದು ಬಹುವರ್ಗದ ಅಂತಾರಾಷ್ಟ್ರೀಯ ಪಂದ್ಯ.

ನೀರಿನಲ್ಲಿ ಗುರುತುಗಳನ್ನು ತೇಲಿಬಿಟ್ಟಿರುತ್ತಾರೆ. ಅವನ್ನು ಹೇಳಿದ ಕ್ರಮದಲ್ಲಿ ಸುತ್ತಿ ಬರಬೇಕು. ಗಾಳಿ ಬೀಸುವ ಕಡೆಗೆ ಹೋಗುವುದು ಸುಲಭ. ಗಾಳಿ ಬರುತ್ತಿರುವ ಕಡೆಗೇ ಹೋಗುವುದು ಹೇಗೆ? ಎದುರುಗಾಳಿಗೆ ನೇರ ಮುಖಕೊಟ್ಟರೆ ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಂತೇ ಬಿಡುತ್ತದೆ. ಅದಕ್ಕೇ ಚಾರ್ಮಾಡಿ ಘಾಟಿಯ ರಸ್ತೆಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವು ಹೊಡೆಯುತ್ತಾ ಹತ್ತಬೇಕು. ಯಾವ ಕಡೆ ಗಾಳಿ ಹೆಚ್ಚಿದೆ, ಯಾವಾಗ ತಿರುಗಬೇಕು ಎಂದು ನೀರಿನ ಮೇಲಿನ ಸುಕ್ಕು ನೋಡಿ ಹೇಳಬಲ್ಲವರು ಗೆಲ್ಲುತ್ತಾರೆ. ಎದುರುಗಾಳಿಯಲ್ಲೂ ದೋಣಿ ಮುಂದೆ ಹೋಗುವ ಗುಟ್ಟನ್ನು ನಮ್ಮ ಹಡಪಸರದವರಿಗೆ ಸುಲಭವಾಗಿ ಹೇಳಬಹುದು. ಇಲ್ಲಿನ ಗ್ಲೈಡಿಂಗ್ ಮೈದಾನದಿಂದ ಇಂಜಿನ್ ಇಲ್ಲದ ವಿಮಾನಗಳು ಮೇಲೇರಿದ್ದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಆ ರೆಕ್ಕೆಯನ್ನು ಕಿತ್ತು ನೆಟ್ಟಗೆ ನಿಲ್ಲಿಸಿದರೆ ಅದೇ ಹಾಯಿ. ಗಾಳಿ ಅದನ್ನು ಹಿಂದಿನಿಂದ ನೂಕುವುದಷ್ಟೇ ಅಲ್ಲ, ಬಾಗಿದ ಮೈಯ ಮೇಲೆ ಜಾರುತ್ತಾ ಸೆಳೆಯುತ್ತದೆ ಕೂಡ.

ಲೆಕ್ಕವೂ ತಮಾಷೆಯದು. ನಮ್ಮ ಆಟಗಳಲ್ಲೆಲ್ಲ ಹೆಚ್ಚು ಅಂಕ ಪಡೆದವರು ಗೆದ್ದಂತೆ, ಇಲ್ಲಿ ಕಡಿಮೆ ಪಡೆದವರು. 1970-80ರ ದಶಕಗಳ ಒಲಿಂಪಿಕ್ ಲೆಕ್ಕದಲ್ಲಿ ಒಂದು ರೇಸಿನಲ್ಲಿ ಮೊದಲು ಬಂದವರಿಗೆ ಸೊನ್ನೆ, ಎರಡನೆಯವರಿಗೆ 3, ಮೂರನೆಯವರಿಗೆ 5.7! ಹಲವು ದಿನ, ಹಲವು ರೇಸು. ಎಲ್ಲವನ್ನೂ ಕೂಡಿ, ತೀರ ಕೆಟ್ಟ ಒಂದು ರೇಸನ್ನು ಬಿಟ್ಟು ಫಲಿತಾಂಶ. ಒಂದು ದಿನದ ಅದೃಷ್ಟದಿಂದ ಇಲ್ಲಿ ಪದಕ ಸಿಗದು.

ಈಗ 1982ಕ್ಕೆ ಬನ್ನಿ. ದೆಹಲಿಯ ಏಷ್ಯನ್ ಕ್ರೀಡಾಕೂಟ, ನವೆಂಬರ್ 19ರಿಂದ ಡಿಸೆಂಬರ್ 4. ಆನೆಮರಿ ಅಪ್ಪು, ಹೊಸದಾಗಿ ಬಂದ ಕಲರ್ ಟಿ.ವಿ., ಪಿ.ಟಿ. ಉಷಾರ ಎರಡು ಬೆಳ್ಳಿ. ಇದಕ್ಕಿಂತ ಹೆಚ್ಚಾಗಿ ನೆನಪಿರುವುದು ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು 1-7ರ ಸೋಲು. ಆ ಕೂಟದಲ್ಲಿ ಭಾರತಕ್ಕೆ ಬಂದ ಚಿನ್ನ 13. ಅವುಗಳಲ್ಲೊಂದು ದೆಹಲಿಯಲ್ಲಿ ಗೆದ್ದದ್ದಲ್ಲ. ದೆಹಲಿಯಲ್ಲಿ ಕಡಲು ಎಲ್ಲಿಂದ ಬರಬೇಕು? ಹಾಯಿದೋಣಿಯ ರೇಸುಗಳು ನಡೆದದ್ದು ಬೊಂಬಾಯಿಯ ಕಡಲಿನಲ್ಲಿ. ಫೈರ್‌ಬಾಲ್ ಕ್ಲಾಸಿನಲ್ಲಿ ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ ಜೋಡಿ ಚಿನ್ನ ಗೆದ್ದಿತು.

ಏಷ್ಯನ್ ಕ್ರೀಡಾಕೂಟದಲ್ಲಿ ಹಾಯಿದೋಣಿ ಮೊದಲು ಬಂದದ್ದು 1970ರ ಬ್ಯಾಂಕಾಕ್ ಕೂಟದಲ್ಲಿ. 2023ರಲ್ಲಿ ಹಾಂಗ್‌ಝೌ ಕೂಟ ಮುಗಿಯುವವರೆಗೆ, ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಲ್ಲಿ, ಈ ಆಟದಲ್ಲಿ ಭಾರತಕ್ಕೆ ಸಿಕ್ಕ ಚಿನ್ನ ಅದೊಂದೇ. 1-7 ಯಾರಿಗೆ ಗೊತ್ತಿಲ್ಲ ಹೇಳಿ! ಈ ಚಿನ್ನ ಎಷ್ಟು ಜನರಿಗೆ ಗೊತ್ತು?

ಅದೇ ನೀರಿನಲ್ಲಿ ನಡೆದ ಇನ್ನೊಂದು ಸಂಗತಿ ನನಗೆ ಇನ್ನೂ ಹಿಡಿಸುತ್ತದೆ. ಎಂಟರ್‌ಪ್ರೈಸ್ ಕ್ಲಾಸಿನ ಚಿನ್ನ ಗೆದ್ದದ್ದು ಪಾಕಿಸ್ತಾನ. ದೋಣಿಯಲ್ಲಿ ಇದ್ದವರು ಕರಾಚಿಯ ಹೋಟೆಲ್ ಉದ್ಯಮಿ ಬೈರಾಮ್ ಅವಾರಿ ಮತ್ತು ಅವರ ಹೆಂಡತಿ ಗೋಶ್ಪಿ. ಬೈರಾಮ್ 1978ರಲ್ಲೂ ಮುನೀರ್ ಸಾದಿಕ್ ಎಂಬವರ ಜೊತೆ ಇದೇ ಕ್ಲಾಸಿನಲ್ಲಿ ಚಿನ್ನ ಗೆದ್ದಿದ್ದರು. ಈ ಸಲ ಜೊತೆಗೆ ಹೆಂಡತಿ. ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಮೊದಲ ಪಾಕಿಸ್ತಾನಿ ಹೆಂಗಸು ಗೋಶ್ಪಿ. ಅವಾರಿ ದಂಪತಿಗಳು ಪಾರಸಿಗಳು. ಈ ಕಡೆ ತಾರಾಪೋರ್, ಕರಂಜಿಯಾ ಎಂಬ ಹೆಸರುಗಳೂ ಪಾರಸಿಗಳವೇ. ದೆಹಲಿಯ ಹಾಕಿ ಮೈದಾನದಲ್ಲಿ ಎರಡು ದೇಶಗಳು ಮುಖ ಗಂಟಿಕ್ಕಿಕೊಂಡಿದ್ದ ಅದೇ ಕೂಟದಲ್ಲಿ ಬೊಂಬಾಯಿಯ ಕಡಲಲ್ಲಿ ಒಂದು ಚಿಕ್ಕ ಸಮುದಾಯದ ಮಕ್ಕಳು ಎರಡು ಬಾವುಟಗಳಿಗೆ ಚಿನ್ನ ತಂದುಕೊಟ್ಟರು. ಬೈರಾಮ್ ಅವಾರಿ 2023ರ ಜನವರಿಯಲ್ಲಿ ತೀರಿಕೊಂಡರು.

ಪಾರಸಿಗಳೇ ಯಾಕೆ? ಹಣ ಒಂದು ಕಾರಣ, ಕ್ಲಬ್ಬು ಇನ್ನೊಂದು. ಬೊಂಬಾಯಿಯ ರಾಯಲ್ ಯಾಟ್ ಕ್ಲಬ್ 1846ರದು. ಬಹುಕಾಲ ಅಲ್ಲಿ ಭಾರತೀಯರಿಗೆ ಸದಸ್ಯತ್ವವೇ ಇರಲಿಲ್ಲ. ದೋಣಿ ಬಿಳಿಯರದು, ಅದನ್ನು ತೊಳೆದು ಬಣ್ಣ ಹಚ್ಚಿ ನೀರಿಗಿಳಿಸುವವರು ನಮ್ಮವರು. ಸ್ವಾತಂತ್ರ್ಯದ ಆಜುಬಾಜಿನಲ್ಲಿ ಈ ಬಾಗಿಲುಗಳು ನಿಧಾನವಾಗಿ ತೆರೆದಾಗ ಮೊದಲು ಒಳಗೆ ಹೋದವರು ಸಿರಿವಂತ ನಗರವಾಸಿಗಳು, ಸೈನ್ಯದ ಮತ್ತು ನೌಕಾಪಡೆಯ ಅಧಿಕಾರಿಗಳು. 1972ರ ಮ್ಯೂನಿಕ್ ಒಲಿಂಪಿಕ್ಸಿನ ಹಾಯಿ ಪಂದ್ಯಗಳು ಜರ್ಮನಿಯ ಕೀಲ್ ಬಂದರಿನಲ್ಲಿ ನಡೆದಾಗ ಭಾರತದಿಂದ ಹೋದವರು ಸೊಹ್ರಾಬ್ ಕಾಂಟ್ರ್ಯಾಕ್ಟರ್ ಮತ್ತು ಎ.ಎ. ಬಾಸಿತ್, ಫ್ಲೈಯಿಂಗ್ ಡಚ್‌ಮನ್ ಎಂಬ ಕ್ಲಾಸಿನಲ್ಲಿ. ಆಮೇಲೆ 1984, 1988, 1992, ಮೂರು ಒಲಿಂಪಿಕ್ಸುಗಳಿಗೂ ಹೋದವರು ಅದೇ ತಾರಾಪೋರ್, ಪ್ರತಿ ಸಲ ಬೇರೆ ಜೊತೆಗಾರರೊಂದಿಗೆ. ಅಷ್ಟೇ ಅಲ್ಲ, 2010ರ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಕಂಚು ಗೆದ್ದ ತಂಡದಲ್ಲೂ ಅವರಿದ್ದರು. ಬೊಂಬಾಯಿಯ ಚಿನ್ನಕ್ಕೂ ಆ ಕಂಚಿಗೂ ನಡುವೆ 28 ವರ್ಷ! ಅವರ ಗಟ್ಟಿತನಕ್ಕೆ ಶಹಭಾಸ್ ಎನ್ನೋಣ. ಆದರೆ ಅಷ್ಟು ವರ್ಷ ಅದೇ ಹೆಸರು ಮತ್ತೆ ಮತ್ತೆ ಬಂದದ್ದು ಹಿಂದೆ ನಿಂತ ಸಾಲು ಎಷ್ಟು ಗಿಡ್ಡದಿತ್ತು ಎಂಬುದನ್ನೂ ಹೇಳುತ್ತದೆ.

ಇನ್ನು ನಮ್ಮ ಕರಾವಳಿಯವರು. ಮುಂಬಯಿ, ಪುಣೆಯ ಕನ್ನಡಿಗರಲ್ಲಿ ದಕ್ಷಿಣ ಕನ್ನಡ, ಉಡುಪಿ, ಕಾರವಾರದ ಕಡೆಯವರು ಎಷ್ಟು ಮಂದಿ ಎಂದು ನಿಮಗೆ ಹೇಳಬೇಕಾಗಿಲ್ಲ, ಊಟದ ಹೋಟೆಲುಗಳೇ ಹೇಳುತ್ತವೆ. ಬಸ್ಸು ರೈಲುಗಳಿಗಿಂತ ಮೊದಲು ಆ ಊರುಗಳಿಗೂ ಬೊಂಬಾಯಿಗೂ ಇದ್ದ ದಾರಿ ಕಡಲು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಆ ಕೆಂಪು ಹಂಚುಗಳು ಬೊಂಬಾಯಿಯ ಮಾಡುಗಳಿಗೆ ಬಂದದ್ದು ಮಂಜಿ, ಪತ್ತೆಮಾರಿಗಳಲ್ಲಿ. ಇಂಜಿನ್ ಇಲ್ಲ, ಹಾಯಿ ಮಾತ್ರ. ಮಳೆಗಾಲ ಬಂದರೆ ದಡಕ್ಕೆಳೆದು ತೆಂಗಿನ ಮಡಲು ಹೊದಿಸುವುದು, ಮಳೆ ನಿಂತ ಮೇಲೆ ಮತ್ತೆ ನೀರಿಗೆ. ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿ ಹಿಡಿದು ಹೊರಡುವುದು, ಮಧ್ಯಾಹ್ನದ ಕಡಲಗಾಳಿ ಹಿಡಿದು ಮರಳುವುದು. ಇದೆಲ್ಲ ತಂಡೇಲರಿಗೆ ಉಸಿರಾಟದಷ್ಟೇ ಸಹಜ. ರೇಸಿನವರು ಪುಸ್ತಕ ಓದಿ ಕಲಿಯುವುದನ್ನು ಇವರು ಅಪ್ಪನ ಪಕ್ಕದಲ್ಲಿ ಕೂತು ಕಲಿತವರು.

ಆ ವಿದ್ಯೆ ಆಟದ ದೋಣಿಗೆ ದಾಟಲೇ ಇಲ್ಲ. ಮೀನುಗಾರಿಕೆಗೆ ಇಂಜಿನ್ ಬಂತು, ಬೋಟು ಬಂತು, ಟ್ರಾಲರ್ ಬಂತು. ಹಾಯಿ ಮಡಚಿಟ್ಟರು. ಹಾಯಿ ಹೊಟ್ಟೆಪಾಡಿನಿಂದ ಹೊರಗೆ ಹೋಗುತ್ತಿದ್ದ ಕಾಲಕ್ಕೇ ಅದು ಪದಕದ ಆಟವಾಗಿ ಬೆಳೆಯುತ್ತಿತ್ತು. ಒಂದು ಕೈ ಬಿಟ್ಟದ್ದನ್ನು ಇನ್ನೊಂದು ಕೈ ಹಿಡಿಯುವಾಗ ನಡುವೆ ಯಾರೂ ಇರಲಿಲ್ಲ. ಇದು ಯಾರ ತಪ್ಪು ಎಂದು ಬೆರಳು ಮಾಡುವುದು ಕಷ್ಟ. ಮೀನು ಹಿಡಿದು ಬಂದ ಹುಡುಗನಿಗೆ, ಗಾಳಿ ಹಿಡಿದು ಸುಮ್ಮನೆ ಒಂದು ಸುತ್ತು ಹೊಡೆದು ಬಾ ಎಂದರೆ ಅವನ ತಾಯಿ ಏನೆಂದಾಳು?

ಹಾಗಾಗಿ ಕೆಲಸ ಕೆರೆಗಳಿಗೆ ಬಿತ್ತು. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಎಂಬ ಸೈನ್ಯದ ಇಂಜಿನಿಯರ್ ದಳ. ಅವರ ಹಾಯಿ ಕ್ಲಬ್ಬಿನ ಹೆಸರು ತ್ರಿಷ್ಣಾ. ಅದು ಇಂಜಿನಿಯರ್ ದಳದ ಅಧಿಕಾರಿಗಳು 1985ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಿಂದ ಹೊರಟು ಜಗತ್ತು ಸುತ್ತಿ 1987ರ ಜನವರಿಯಲ್ಲಿ ಬೊಂಬಾಯಿ ಮುಟ್ಟಿದ ಪುಟ್ಟ ಹಾಯಿಹಡಗಿನ ಹೆಸರು. ಹಾಯಿ ಕಟ್ಟಿಕೊಂಡು ಭೂಮಿ ಸುತ್ತಿದ ಮೊದಲ ಭಾರತೀಯರು ಅವರು. ಅದೇ ಇಂಜಿನಿಯರ್ ದಳದ ಕಾಲೇಜು ನಮ್ಮ ಪುಣೆಯ ದಾಪೋಡಿಯಲ್ಲಿದೆ, ಇನ್ನೊಂದು ಕೇಂದ್ರ ಖಡಕಿಯಲ್ಲಿ. ಕನ್ನಂಬಾಡಿಯ ಹಿನ್ನೀರಿನಲ್ಲೂ ಹಾಯಿಸ್ಪರ್ಧೆಗಳು ನಡೆದಿವೆ. ಹೈದರಾಬಾದಿನ ಹುಸೇನ್ ಸಾಗರ, ಭೋಪಾಲದ ದೊಡ್ಡ ಕೆರೆ, ಹೀಗೆ ಪಟ್ಟಿ ಬೆಳೆಯುತ್ತದೆ. ಕೆರೆಯ ಗಾಳಿ ಕಡಲಿನದಕ್ಕಿಂತ ಚಂಚಲ, ಗುಡ್ಡಕ್ಕೆ ಕಟ್ಟಡಕ್ಕೆ ತಾಗಿ ಗಳಿಗೆಗೊಮ್ಮೆ ತಿರುಗುತ್ತದೆ. ಅದನ್ನು ಹಿಡಿಯಲು ಕಲಿತವರ ಕೈ ಚುರುಕಾಗುತ್ತದೆ. ಆದರೆ ಅಲೆ? ಕೆರೆಯಲ್ಲಿ ಅಲೆಯಿಲ್ಲ. ಕೊನೆಗೆ ಅವರೂ ಮುಂಬಯಿಗೋ ಚೆನ್ನೈಗೋ ಹೋಗಿ ಕಡಲಿಗೆ ಇಳಿಯಲೇಬೇಕು.

ನಮ್ಮ ರೇಡಿಯೋದವರಿಗೂ ಈ ಆಟಕ್ಕೂ ಅಷ್ಟಕ್ಕಷ್ಟೇ. ದಡದಿಂದ ದೂರದಲ್ಲಿ ಬಿಳಿ ಚುಕ್ಕೆಗಳು ಅತ್ತಿತ್ತ ಓಡಾಡುವುದನ್ನು ನೋಡಿ ಕಾಮೆಂಟರಿ ಹೇಳುವುದೆಂತು? ಆದರೆ ರೇಡಿಯೋ ಇಲ್ಲದೆ ಏನಾಗುತ್ತದೆ ಎಂಬುದಕ್ಕೆ ಈ ಆಟದ ಚರಿತ್ರೆಯಲ್ಲೇ ಒಂದು ದಾರುಣ ಅಧ್ಯಾಯವಿದೆ. ಇಂಗ್ಲೆಂಡಿನಲ್ಲಿ 1957ರಿಂದ ಎರಡು ವರ್ಷಕ್ಕೊಮ್ಮೆ ಅಡ್ಮಿರಲ್ಸ್ ಕಪ್ ಎಂಬ ಪಂದ್ಯ ನಡೆಯುತ್ತಿತ್ತು. ಒಂದೊಂದು ದೇಶಕ್ಕೆ ಮೂರು ದೊಡ್ಡ ಹಾಯಿಹಡಗು, ಹಲವು ರೇಸು, ಕೊನೆಗೆ ಐರ್ಲೆಂಡಿನ ತೆಂಕಣ ತುದಿಯ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ಉದ್ದದ ರೇಸು. 1979ರ ಆಗಸ್ಟಿನಲ್ಲಿ ಆ ಕೊನೆಯ ರೇಸಿಗೆ ಇತರರೂ ಸೇರಿ ಹೊರಟದ್ದು 303 ಹಡಗುಗಳು. ದಾರಿಯಲ್ಲಿ ಬಿರುಗಾಳಿ ಎದ್ದು ಸ್ಪರ್ಧಿಗಳಲ್ಲಿ 15 ಮಂದಿ ಸತ್ತರು. ಅನೇಕ ಹಡಗುಗಳಲ್ಲಿ ಹವಾಮಾನ ಕೇಳಲು ರೇಡಿಯೋ ಇತ್ತು, ಕಾಪಾಡಿ ಎಂದು ಕೂಗಲು ಟ್ರಾನ್ಸ್‌ಮಿಟರ್ ಇರಲಿಲ್ಲ. ನಿಯಮವೂ ಅದನ್ನು ಕೇಳುತ್ತಿರಲಿಲ್ಲ. ವಿಚಾರಣೆಯಾದ ಮೇಲೆ ನಿಯಮ ಬದಲಾಯಿತು. ಮೀನುಗಾರರಿಗೆ ಹವಾಮಾನದ ಎಚ್ಚರಿಕೆ ಎಂದು ನಮ್ಮ ಕರಾವಳಿಯ ಆಕಾಶವಾಣಿ ಕೇಂದ್ರಗಳು ಓದುವ ನಾಲ್ಕು ಸಾಲನ್ನು ಊರಲ್ಲಿ ನಾವೆಲ್ಲ ಚಿತ್ರಗೀತೆಗೆ ಕಾಯುತ್ತಾ ಅಸಡ್ಡೆಯಿಂದ ಕೇಳಿದ್ದೇವೆ. ಆ ನಾಲ್ಕು ಸಾಲಿನ ತೂಕ ದೋಣಿಯಲ್ಲಿ ಇರುವವರಿಗೆ ಗೊತ್ತು.

ಈಚಿನ ವರ್ಷಗಳಲ್ಲಿ ಹೆಸರುಗಳು ಬದಲಾಗುತ್ತಿವೆ. 2018ರ ಜಕಾರ್ತಾ ಏಷ್ಯನ್ ಕೂಟದಲ್ಲಿ 49ಇಆರ್ ಎಫ್‌ಎಕ್ಸ್ ಎಂಬ ಹೆಂಗಸರ ಕ್ಲಾಸಿನಲ್ಲಿ ಬೆಳ್ಳಿ ಗೆದ್ದವರು ಚೆನ್ನೈನ ವರ್ಷಾ ಗೌತಮ್ ಮತ್ತು ಮುಂಬಯಿಯ ಶ್ವೇತಾ ಶೇರ್ವೇಗಾರ್. ಶೇರ್ವೇಗಾರ್ ಎಂಬ ಹೆಸರು ಕೇಳಿದರೆ ಉಡುಪಿ, ಕುಂದಾಪುರದವರ ಕಿವಿ ನಿಮಿರುತ್ತದೆ, ಅಲ್ಲವೇ? ಅದೇ ಕೂಟದಲ್ಲಿ ಗಂಡಸರ 49ಇಆರ್ ಕ್ಲಾಸಿನ ಕಂಚು ವರುಣ್ ಠಕ್ಕರ್ ಮತ್ತು ಕೇಳಪಂಡ ಚೆಂಗಪ್ಪ ಗಣಪತಿ ಜೋಡಿಗೆ. ಕೇಳಪಂಡ ಎಂದರೆ ಕೊಡವ ಮನೆತನ. ಕೊಡಗಿನಲ್ಲಿ ಹಾಕಿ ಇದೆ, ಸೈನ್ಯ ಇದೆ, ಕಡಲು ಮಾತ್ರ ಇಲ್ಲ! ಚೆನ್ನೈನಲ್ಲಿ ಆಡಿ ಬೆಳೆದ ಗಣಪತಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿಗೂ ಹೋದರು. ಆ ವರ್ಷ ಭಾರತದಿಂದ ಹೋದ ಹಾಯಿಪಟುಗಳು ನಾಲ್ವರು. ಅವರಲ್ಲಿ ನೇತ್ರಾ ಕುಮನನ್ ಒಲಿಂಪಿಕ್ಸಿನ ಹಾಯಿ ಪಂದ್ಯಕ್ಕೆ ಹೋದ ಮೊದಲ ಭಾರತೀಯ ಹೆಂಗಸು, ವಿಷ್ಣು ಸರವಣನ್ ಸೈನ್ಯದವರು. ಇವರಿಬ್ಬರು 2024ರ ಪ್ಯಾರಿಸ್ ಒಲಿಂಪಿಕ್ಸಿಗೂ ಹೋಗಿ ಬಂದರು.

ನನಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಹೆಸರು ನೇಹಾ ಠಾಕೂರ್. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು. 2023ರ ಹಾಂಗ್‌ಝೌ ಕೂಟದಲ್ಲಿ ಐಎಲ್‌ಸಿಎ 4 ಎಂಬ ಹುಡುಗಿಯರ ಕ್ಲಾಸಿನಲ್ಲಿ ಬೆಳ್ಳಿ. 2018ರಲ್ಲಿ ಕಂಚು ಗೆದ್ದ ಹರ್ಷಿತಾ ತೋಮರ್ ಕೂಡ ಅದೇ ರಾಜ್ಯದವಳು. ಒಂದು ಗೇಣು ಕರಾವಳಿಯೂ ಇಲ್ಲದ ರಾಜ್ಯ ಕೆರೆಯ ದಂಡೆಯ ಮೇಲೆ ಶಾಲೆ ತೆರೆದು, ದೋಣಿ ಕೊಟ್ಟು, ಹಳ್ಳಿಯ ಮಕ್ಕಳನ್ನು ಕರೆದು ಕೂರಿಸಿತು. ಹೈದರಾಬಾದಿನ ಯಾಟ್ ಕ್ಲಬ್ಬು ಬಡ ಮನೆಗಳ, ಸರಕಾರಿ ಶಾಲೆಗಳ ಮಕ್ಕಳಿಗೆ ಹುಸೇನ್ ಸಾಗರದಲ್ಲಿ ಕಲಿಸುತ್ತಿದೆ. ಹಾಗಾದರೆ ದೋಣಿ ತೀರ ದುಬಾರಿ ಎಂಬ ಮಾತು ಅರ್ಧ ಮಾತ್ರ ನಿಜ. ನಾಲ್ಕು ಮಕ್ಕಳಿಗೆ ಒಂದು ದೋಣಿ ಹಂಚಿದರೆ, ಅದನ್ನು ಯಾರಾದರೂ ದುರಸ್ತಿಯಲ್ಲಿಟ್ಟರೆ, ಹುಡುಗಿಯೊಬ್ಬಳು ಏಷ್ಯಾದ ವೇದಿಕೆ ಹತ್ತಬಲ್ಲಳು. ಕಾರವಾರದಿಂದ ತಲಪಾಡಿಯವರೆಗೆ ನಮಗೆ 300 ಕಿಲೋಮೀಟರಿಗೂ ಮೇಲೆ ಕಡಲಿದೆ, ಒಳನಾಡಿನಲ್ಲಿ ಕನ್ನಂಬಾಡಿ, ಆಲಮಟ್ಟಿ, ಲಿಂಗನಮಕ್ಕಿಯ ಹಿನ್ನೀರಿವೆ. ಮಲ್ಪೆಯ ಮೊಗವೀರರ ಮನೆಯ ಮಗು, ಆಲಮಟ್ಟಿಯಲ್ಲಿ ಹೊಲ ಮುಳುಗಿದವರ ಮನೆಯ ಮಗು ಈ ದೋಣಿ ಹತ್ತುವುದು ಯಾವಾಗ ಎಂದು ಊರಿಗೆ ಹೋದಾಗ ನೀವೂ ನಾಲ್ಕು ಜನರ ಕಿವಿಗೆ ಹಾಕಿ.

ಹಡಪಸರದ ಮಕ್ಕಳಿಗೆ ಹಾಯಿ ಎಂದರೇನೆಂದು ಕಣ್ಣಾರೆ ತೋರಿಸಬೇಕೆಂದಿದ್ದರೆ ಒಂದು ಭಾನುವಾರ ಖಡಕವಾಸಲಾ ದಾಟಿ ಪಾನಶೇತದ ರಸ್ತೆ ಹಿಡಿಯಿರಿ. ಎನ್‌ಡಿಎ ಒಳಗೆ ಬಿಡುವುದಿಲ್ಲ, ಆದರೆ ಈ ಕಡೆಯ ದಡ ಎಲ್ಲರದು. ಅದೃಷ್ಟವಿದ್ದರೆ ಆಚೆ ದಡದ ಕಡೆ ಒಂದೆರಡು ಹಾಯಿ ಕಂಡಾವು. ಬೆಳಿಗ್ಗೆಯೇ ಓಡಬೇಡಿ, ಊಟ ಮುಗಿಸಿ ಹೊರಡಿ. ಅಲ್ಲಿ ಗಾಳಿ ಏಳುವುದು ಮಧ್ಯಾಹ್ನದ ಮೇಲೆ.